ಐನೋ ಹಾಕಿದ ಮೆಟ್ಟಿಲು

ಐನೋ ಅವರೇ,

ಅಮ್ಮ ಚೆನ್ನಾಗಿದ್ದಾಳೆ, ನಾಡಿದ್ದು ಮನೆಗೆ ಕಳಿಸುತ್ತಾರಂತೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಇವತ್ತು ಬೆಳಗ್ಗೆ ಅವಳಿಗೆ ಎದೆನೋವು ಬಂತು. ನಿನ್ನೆಯ ಮಳೆ ಹೆಪ್ಪುಗಟ್ಟಿ ಥಂಡರ್ ಬೇ ಊರಿಗೆ ಊರೇ ಗಾಜಿನಂತಾಗಿತ್ತು. ಆಂಬುಲೆನ್ಸಿನವರು ಬೀದಿಯಲ್ಲೇ ಎರಡು ಸಲ ಜಾರಿದರು. ನಾನು ಮುಂಬಾಗಿಲಿನ ಮೆಟ್ಟಿಲಿಗೆ ಮರಳು ಎರಚಿದೆ. ನೀವು ತೀರಿಕೊಂಡು ಆರು ವರ್ಷವಾದರೂ ಈ ಮೆಟ್ಟಿಲಿಗೆ ಮಂಜುಗಡ್ಡೆ ಕರಗಿಸುವ ಉಪ್ಪು ಬಿದ್ದಿಲ್ಲ; ಅದು ಕಾಂಕ್ರೀಟನ್ನು ತಿನ್ನುತ್ತದೆ ಎನ್ನುತ್ತಿದ್ದಿರಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ನಿಮ್ಮ ಹಾಗೇ ತೊಳೆದು, ಬಿರುಕು ತುಂಬಿ, ನೀರಿಳಿಯದಂತೆ ಲೇಪ ಬಳಿಯುತ್ತೇನೆ.

ಅಮ್ಮ ನಿಮ್ಮನ್ನು ಮದುವೆಯಾದಾಗ ನನಗೆ ಹದಿನಾರು. ಕೊನೆಯವರೆಗೂ ನಿಮ್ಮನ್ನು ಹೆಸರು ಹಿಡಿದೇ ಕರೆದೆ. ಆ ಬೇಸಿಗೆ ನೀವು ಈ ಮೆಟ್ಟಿಲು ಹಾಕಿ, ಹಸಿ ಕಾಂಕ್ರೀಟಿನ ಮೇಲೆ ಪೊರಕೆ ಎಳೆದು ಗೆರೆ ಮೂಡಿಸಿದಿರಿ.

"ಎಲ್ಲಾ ಹಾಳ್ಮಾಡಿಬಿಟ್ರಿ, ಐನೋ. ಪಕ್ಕದ ಮನೇದು ಎಷ್ಟು ನುಣ್ಣಗಿದೆ ನೋಡಿ."

"ನುಣ್ಣಗಿದ್ರೆ ನೋಡೋಕೆ ಚೆಂದ ಮಗಳೇ, ಜನವರೀಲಿ ಇಳಿಯೋಕಲ್ಲ."

ಎರಡು ವಾರ ನಾನು ಮುನಿಸಿಕೊಂಡು ಹಿಂಬಾಗಿಲಿನಲ್ಲೇ ಓಡಾಡಿದೆ.

ಇವತ್ತು ಸ್ಟ್ರೆಚರ್ ಎತ್ತುವಾಗ ಆಂಬುಲೆನ್ಸಿನವರಿಬ್ಬರೂ ಹೆದರಿದ್ದರು. ಅಮ್ಮನೇ, "ಇಳೀರಪ್ಪಾ, ಇದು ನಮ್ಮೆಜಮಾನ್ರು ಹಾಕಿದ್ದು, ಜಾರಲ್ಲ" ಎಂದಳು. ಏಳು ಮೆಟ್ಟಿಲಿನಲ್ಲಿ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಕೆಳಗೆ ಬಂದ ಮೇಲೆ ಅವರಲ್ಲಿ ಹಿರಿಯನಾದವನು ಮೆಟ್ಟಿಲನ್ನು ತಿರುಗಿ ನೋಡಿದ. "ಇಷ್ಟು ಚಳಿಗಾಲ ಕಂಡ್ರೂ ಒಂದು ಚಕ್ಕೆ ಎದ್ದಿಲ್ವಲ್ರೀ. ಯಾರು ಮಾಡಿದ್ದು?"

"ನಮ್ಮಪ್ಪ" ಎಂದೆ.

ಅಮ್ಮ ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕ್ ಸರಿಸಿದಳು. "ಏನಂದೆ? ಇನ್ನೊಂದ್ಸಲ ಹೇಳು."

ಹೇಳಿದೆ.