ಮಗು ಹೇಗಿತ್ತು

ಪ್ರೀತಿಯ ತಮ್ಮನಿಗೆ,

ನಿನ್ನ ಹೆಂಡತಿಯೊಡನೆ ಮಾತಾಡಲು ಫ್ರೆಂಚ್ ಕಲಿಯಬೇಕೆಂದಿದ್ದೆನಲ್ಲ, ನಮ್ಮ ಹೊಲಿಗೆ ಅಂಗಡಿಯ ಮೇಲಿನ ಮನೆಯಲ್ಲೇ ಒಬ್ಬ ನಿವೃತ್ತ ಫ್ರೆಂಚ್ ಮೇಡಂ ಸಿಕ್ಕರು. ನಾನು ಅಂಗಿಗೆ ಗುಂಡಿಯ ಕಾಜಾ ಹೊಲಿಯುವಾಗ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಗಂಟಲಿನಿಂದ ಹೊರಡಿಸುವ 'ರ' ನನಗೆ ತಿಂಗಳುಗಟ್ಟಲೆ ಬರಲಿಲ್ಲ. "ಗಂಟಲು ಮುಕ್ಕಳಿಸಿದ ಹಾಗೆ, ಇನ್ನೊಂದ್ಸಲ," ಎನ್ನುತ್ತಿದ್ದರೇ ಹೊರತು ಒಮ್ಮೆಯೂ ಮುಖ ಗಂಟಿಕ್ಕಲಿಲ್ಲ. ಇಷ್ಟು ತಾಳ್ಮೆ ಮನುಷ್ಯರಿಗೆ ಇರುತ್ತದೆಯೇ ಎಂದು ಬೆರಗಾಗುತ್ತೇನೆ.

"ಮಗು ಕಳ್ಕೊಂಡವಳಿಗೆ ಏನು ಹೇಳ್ಬೇಕು, ಕಲಿಸಿ ಮೇಡಂ," ಎಂದೆ.

"ಹೇಳೋದಕ್ಕೇನಿದೆ? ಮಗು ಹೇಗಿತ್ತು ಅಂತ ಕೇಳಮ್ಮ," ಎಂದರು. ಆ ಒಂದು ವಾಕ್ಯವನ್ನು ವಾರವಿಡೀ ತಿದ್ದಿದರು.

ನಿನ್ನೆ ನೀನು ಕೆಲಸಕ್ಕೆ ಹೋಗಿದ್ದಾಗ ಫೋನ್ ಮಾಡಿ ಅವಳನ್ನು ಕೇಳಿದೆ. ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ನನಗೆ ಅರ್ಥವಾಗುತ್ತಿತ್ತು ಕಣೋ! ಮಗುವಿನ ಗದ್ದದಲ್ಲಿ ನಿನ್ನ ಹಾಗೆಯೇ ಗುಳಿ ಇತ್ತಂತೆ. ನೀನು ಹೇಳಿರಲೇ ಇಲ್ಲ.

ಮಗುವಿನ ಬಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿದ್ದೀಯಂತೆ. ಅವಳಿಗೆ ನೋವಾಗದಿರಲಿ ಎಂದೇ ಹಾಕಿರುತ್ತೀಯ. ನಿನ್ನನ್ನು ಕೇಳಲು ಅವಳಿಗೆ ಧೈರ್ಯವಿಲ್ಲ. ಕೆಳಗಿಳಿಸಿ ಅವಳ ಕೈಗೆ ಕೊಡು. ಕೊಟ್ಟು ಎದ್ದು ಹೋಗಬೇಡ, ನೀನೂ ಪಕ್ಕದಲ್ಲಿ ಕೂತುಕೋ.

ಇತಿ,
ನಿನ್ನ ಅಕ್ಕ