ಬೂಟು ಬಿಚ್ಚದ ವಿರುಪಣ್ಣನಿಗೆ

ಅಣ್ಣನ ಮಗನೇ, ವಿರುಪಣ್ಣಾ, ನಿನ್ನ ಕಾಕಾನ ಆಶೀರ್ವಾದ. ಬದುಕಿದ್ದಾಗ ತಗುಲಲಿಲ್ಲ, ಈಗಲಾದರೂ ತಗುಲಲಿ.

ಹೈದರಾಬಾದಿನಿಂದ ತರಿಸಿದ ಆ ಬೂಟು ನೆನಪಿದೆಯೇ? ಬಿಗಿಯಾಯಿತು, ಬದಲಿಸು ಎಂದೆ. "ದೊಡ್ಡ ಪಾದ ಕೂಲಿಯವರಿಗಿರ್ತಾವ ಕಾಕಾ" ಎಂದು ಅದನ್ನೇ ತುರುಕಿಕೊಂಡು ಲಿಂಗಸುಗೂರಿನ ಹಾಡುವವಳ ಮನೆಗೆ ಹೊರಟೆ. ಆ ದಾರಿ ತೋರಿಸಿದವನು ನಾನೇ. ಸಿಂಧನೂರಿನಿಂದ ಅಲ್ಲಿಯವರೆಗೆ ನನ್ನನ್ನು ಅರಿಯದ ಹಾಡಿನ ಬೈಠಕ್ಕು ಯಾವುದಿತ್ತು? ಆದರೆ ನಾನು ಹಾಡು ಕೇಳಿ ಮನೆಗೆ ಬರುತ್ತಿದ್ದೆ. ನೀನು...

ಒಮ್ಮೆ ನಿನ್ನ ಹೆಂಡತಿ ನೀಲಮ್ಮನ ಮದುವೆಯ ಇಳಕಲ್ ಸೀರೆಯನ್ನು ಹಾಡುವವಳಿಗೆ ಉಡಿಸಿ, ಮಸ್ಕಿಯ ಮನೆಗೇ ಕರೆತಂದೆ. "ನೋಡಲೇ, ಸೀರಿ ಅಂದ್ರ ಹಿಂಗ ಉಡಬೇಕು!" ನೀಲಮ್ಮ ರೊಟ್ಟಿ ಬಡಿಯಲು ಒಳಗೆ ಹೋದಳು. ನೀನು ನಕ್ಕೆ. ನಾನೂ ನಕ್ಕೆ.

ಬೂಟು ಕಚ್ಚಿದ ಗಾಯ ಕೊಳೆತಾಗ ಡಾಕ್ಟರು ಹೇಳಿದರು, "ಪಾದ ತೆಗೀಬೇಕು. ಇಲ್ಲಂದ್ರ ಜೀವ ಉಳಿಯಂಗಿಲ್ಲ." "ಬಜಾರದಾಗ ಕುಂಟ ಅನ್ನಿಸ್ಕೊಂಡು ಅಡ್ಡಾಡಲೇನ್ರಿ? ಸಾಯ್ತೀನಿ" ಎಂದೆ. ಹೇಳಿದಂತೆ ನಡೆದುಕೊಂಡದ್ದು ಅದೊಂದೇ ಸಲ. ಮಣ್ಣಿಗೆ ಬಂದವರು ಮೂಗಿಗೆ ಹೆಗಲ ವಲ್ಲಿ ಒತ್ತಿಕೊಂಡಿದ್ದರು, ಅತ್ತರಿನ ವಿರುಪಣ್ಣ! ಹಾಡುವವಳು ಬರಲಿಲ್ಲ.

ಸಾಯುವ ಮುಂಚೆ ನನ್ನ ಕೈಯನ್ನು ನಿನ್ನ ತಲೆಯ ಮೇಲೆ ಎಳೆದುಕೊಂಡೆಯಲ್ಲ? "ನನ್ನಂಥ ಚೆಲುವನ ಜೋಡಿ ಬಾಳಿದಾಕಿ ಇನ್ನೊಬ್ಬನ ಮಾರಿ ನೋಡಬಾರದು. ಆಕಿ ಉಡಿಕಿಗೆ ಹೂಂ ಅನ್ನಬ್ಯಾಡ ಕಾಕಾ. ಆಣಿ ಮಾಡು." ಮಾಡಿದೆ. ಗಂಡ ಸತ್ತವಳು ಉಡಿಕೆಯಾಗಿ ಮತ್ತೊಬ್ಬನ ಮನೆ ಸೇರಬೇಕಾದರೆ ಗಂಡನ ಮನೆಯ ಹಿರಿಯ ಹೂಂ ಅನ್ನಬೇಕು. ಉಳಿದ ಹಿರಿಯ ನಾನೊಬ್ಬನೇ.

ಹೋದ ಸೋಮವಾರ ಹಟ್ಟಿಯ ಗಣಿಯಲ್ಲಿ ದುಡಿಯುವ ಒಬ್ಬ ನೀಲಮ್ಮನನ್ನು ಉಡಿಕೆಗೆ ಕೇಳಲು ಬಂದ. ಮುಖದ ತುಂಬ ಸಿಡುಬಿನ ಕಲೆ. ನೀಲಮ್ಮ ಅವನಿಗೆ ಎರಡು ಸಲ ನೀರು ಕೊಟ್ಟಳು. ನಾನು ಆಣೆಯ ಮಾತು ತೆಗೆದೆ. ಅವಳು ಕೇಳಿದಳು, "ತಲಿ ಮುಟ್ಟಿ ಮಾಡಿದ ಆಣಿ ಮುರಿದ್ರ ಏನಾಕ್ಕೈತ್ರಿ ಕಾಕಾ?"

"ಆ ತಲಿಯವ ಸಾಯ್ತಾನ."

"ಸತ್ತಾನಲ್ರಿ."

ಹೂಂ ಅಂದೆ, ವಿರುಪಣ್ಣಾ. ಉಡಿಕೆಯ ಸೀರೆಯನ್ನೂ ನಾನೇ ತಂದೆ, ನಿನ್ನ ಆಯ್ಕೆಗಿಂತ ಚೆಂದದ್ದು. ಬಂಡಿ ಹತ್ತುವ ಮುಂಚೆ ಅವಳು ಗೋಡೆಯ ಮೇಲಿದ್ದ ನಿನ್ನ ಫೋಟೋ ಇಳಿಸಿದಳು. ಸಂಗಡ ಒಯ್ಯುತ್ತಾಳೆಂದುಕೊಂಡೆ. ಹಿಂದಿನ ಮೊಳೆ ಕಿತ್ತು, ನಿನ್ನನ್ನು ಹೊರಗೆಳೆದು ನನ್ನ ಕೈಗಿಟ್ಟಳು.

"ಚೌಕಟ್ಟು ಗಟ್ಟಿ ಐತ್ರಿ. ಇದನ್ನ ಒಯ್ತೀನಿ."