ಚೀಲಕ್ಕೆ ವಾಪಸಾದ ಮರದ ತುಂಡು

ಪ್ರೀತಿಯ ಕಡ್ಡಿ ಪೈಲ್ವಾನ,

ನಲವತ್ತು ದಾಟಿದವನನ್ನು ಇನ್ನೂ ಹೀಗೇ ಕರೆಯುತ್ತಾಳೆಂದು ಮುನಿಸಿಕೊಳ್ಳಬೇಡ. ಈ ಪತ್ರವನ್ನು ನಿನಗಿಂತ ಮೊದಲು ಜೈಲಿನ ಅಧಿಕಾರಿಯೊಬ್ಬರು ಒಡೆದು ಓದುತ್ತಾರಂತೆ. ಓದಲಿ. ನೀನು ಹುಟ್ಟಿನಿಂದಲೇ ಸಣಕಲ ಎಂದು ಗೊತ್ತಾದರೆ ಊಟವನ್ನಾದರೂ ಒಂದು ಸೌಟು ಜಾಸ್ತಿ ಬಡಿಸಿಯಾರು.

ಕಳೆದ ಭೇಟಿಯಲ್ಲಿ ಗಾಜಿನ ಆ ಕಡೆಯಿಂದ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ನನ್ನ ತುಂಡು ಅವಳಿಗೇ ಸಿಕ್ತಾ?" ನಾನು ಹೊರಗಿನ ಬಿಸಿಲಿನ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ಏನೇನೋ ಒದರಿ ಎದ್ದು ಬಂದೆ. ನೀನು ಪೆದ್ದನಲ್ಲ, ಏನೋ ನುಂಗಿಕೊಂಡೆನೆಂದು ನಿನಗೆ ಗೊತ್ತಾಗಿರುತ್ತದೆ. ಪಕ್ಕದ ಕುರ್ಚಿಯ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿರುವಾಗ, ಆ ಜಿಡ್ಡುಗಟ್ಟಿದ ರಿಸೀವರ್ ಹಿಡಿದುಕೊಂಡು ಅದನ್ನು ಹೇಳಲು ನನ್ನಿಂದಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನದ ಪತ್ರ ಬೇಕಿದ್ದರೆ ಇದನ್ನು ಇಲ್ಲಿಗೇ ಮಡಚಿಡು.

ಮೊದಲಿಂದ ಹೇಳುತ್ತೇನೆ. ನಮ್ಮ ಸ್ಕೌಟ್ ದಳದ ಮರದ ಕಾರಿನ ಓಟ ನಿನಗೆ ಹೊಸದಲ್ಲ. ಎಲ್ಲ ಮಕ್ಕಳಿಗೂ ಒಂದೇ ಅಳತೆಯ ಮರದ ತುಂಡು, ನಾಲ್ಕು ಚಕ್ರ. ಮನೆಯವರ ಜೊತೆ ಕೂತು ಕೆತ್ತಿ, ಬಣ್ಣ ಬಳಿದು ಕಾರು ಮಾಡಿಕೊಂಡು ಬರಬೇಕು. ಇಳಿಜಾರು ಹಲಗೆಯ ಮೇಲಿಂದ ಬಿಟ್ಟಾಗ ಯಾರದ್ದು ಮೊದಲು ಕೆಳಗೆ ಮುಟ್ಟುತ್ತದೋ ಅವರು ಗೆದ್ದಂತೆ. ತುಂಡು ಕೊಯ್ದು ಕೊಡುತ್ತಿದ್ದ ಅಂಗಡಿ ಈ ವರ್ಷ ಬಾಗಿಲು ಹಾಕಿತು. ಜೈಲಿನ ಮರಗೆಲಸದ ವಿಭಾಗದಿಂದ ತರಿಸೋಣ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳು ನಾನೇ. ನಮ್ಮ ಅಧ್ಯಕ್ಷರು ದಂತವೈದ್ಯರು. ತಮ್ಮದೇ ಹಲ್ಲು ಕಿತ್ತವರ ಹಾಗೆ ಮುಖ ಮಾಡಿ, "ತರಿಸಿ, ಆದ್ರೆ ಎಲ್ಲಿಂದ ಬಂತು ಅಂತ ಡಂಗುರ ಹೊಡೀಬೇಡಿ" ಅಂದರು. ನನಗೆ ಬೇಕಿದ್ದದ್ದೂ ಅಷ್ಟೇ.

ಆ ಸುದ್ದಿ ಹೇಳಿದ ದಿನ ನಿನ್ನ ಮುಖಕ್ಕೆ ಜೀವ ಬಂದದ್ದು ನೋಡಿದೆ. ಒಂದು ಗಂಟೂ ಇಲ್ಲದ ತುಂಡನ್ನು ಮಗಳಿಗೆಂದು ಆರಿಸುತ್ತೇನೆ, ಅಡಿಯಲ್ಲಿ ಗುರುತು ಹಾಕಿರುತ್ತೇನೆ, ಹೇಗಾದರೂ ಮಾಡಿ ಅವಳಿಗೇ ಸೇರಿಸು ಎಂದೆ ನೀನು. ಕಾದ ತಂತಿಯಿಂದ ಸುಟ್ಟ ಒಂದು ಚುಕ್ಕಿ. ಅವಳ ಸ್ಟೂಲಿನ ಅಡಿಗೆ, ಪೆನ್ಸಿಲ್ ಪೆಟ್ಟಿಗೆಯ ಅಡಿಗೆ, ಅವಳಿಗಾಗಿ ನೀನು ಮಾಡಿದ ಎಲ್ಲದರ ಅಡಿಗೂ ಹಾಕುತ್ತಿದ್ದದ್ದು ಅದೇ. ನೋಡಿದರೆ ಅಪ್ಪ ತನ್ನನ್ನು ಮರೆತಿಲ್ಲವೆಂದು ಅವಳಿಗೆ ತಿಳಿಯುತ್ತದೆ, ಮುಂದಿನ ಭೇಟಿಗೆ ಬಂದೇ ಬರುತ್ತಾಳೆ ಎಂದು ನೀನು ಲೆಕ್ಕ ಹಾಕಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮಲ್ಲಿ ತುಂಡನ್ನು ಆರಿಸಿಕೊಳ್ಳುವಂತಿಲ್ಲ. ಗೋಣಿಚೀಲಕ್ಕೆ ಕೈಹಾಕಿ, ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನೆ ಹೋಗಬೇಕು. ಅದು ನಾನೇ ಮಾಡಿದ ನಿಯಮ. ಅರ್ಧ ಆಯುಸ್ಸು ಪಾರ್ಸೆಲ್ ಕೌಂಟರಿನಲ್ಲಿ ತೂಕ ಹಾಕಿ ಕಳೆದವಳು ಇನ್ನೆಂಥ ನಿಯಮ ಮಾಡಿಯಾಳು! ಆದರೂ ನಿನಗಾಗಿ ಕಳ್ಳಾಟ ಆಡಿದೆ. ನಿನ್ನ ತುಂಡನ್ನು ಚೀಲದ ಮೂಲೆಗೆ ಸೇರಿಸಿ, ಆ ಮೂಲೆಯನ್ನು ಹೊರಗಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನಿನ್ನ ಮಗಳ ಹೆಸರನ್ನು ಕೊನೆಗೆ ಕೂಗಿ ಮುಷ್ಟಿ ಬಿಟ್ಟೆ.

ಅವಳು ತುಂಡು ತೆಗೆದಳು. ಮೂಸಿ ನೋಡಿದಳು. ಮಗುಚಿ ಅಡಿಭಾಗವನ್ನು ಸವರುತ್ತಿದ್ದ ಹೆಬ್ಬೆರಳು ಚುಕ್ಕಿಯ ಮೇಲೆ ನಿಂತಿತು. ನಾನು ನಗಲು ಸಿದ್ಧಳಾಗಿ ನಿಂತಿದ್ದೆ, ಅಷ್ಟು ಮೂರ್ಖಳು ನಾನು. ಅವಳು ತುಂಡನ್ನು ಮೆಲ್ಲಗೆ ಚೀಲದೊಳಗೆ ಬಿಟ್ಟು, ಚೀಲದ ಬಾಯಿ ಮಡಚಿದಳು. ದಳದಲ್ಲಿ ನನ್ನನ್ನು ಎಲ್ಲರಂತೆ ಮೇಡಂ ಎಂದೇ ಕರೆಯಬೇಕೆಂದು ತಾಕೀತು ಮಾಡಿದ್ದೇನೆ, ಒಂದು ದಿನವೂ ತಪ್ಪಿದವಳಲ್ಲ. ಅವತ್ತು, "ಇದು ನಂಗೆ ಬೇಡ ಅತ್ತೆ" ಅಂದಳು.

ಮಕ್ಕಳೆಲ್ಲ ಹೋದ ಮೇಲೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. "ಎಲ್ಲಾನೂ ಅಪ್ಪನೇ ಕೊಯ್ದಿದ್ದಾ?" ಎಂದು ಕೇಳಿದಳು. ಹೌದು ಅಂದೆ. ಷೂ ಲೇಸು ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಆಮೇಲೆ ತಲೆ ಎತ್ತದೆ ಕೇಳಿದಳು: "ಅತ್ತೆ, ನಾಯಿ ಚಪ್ಪಲಿ ಹಾಕ್ಕೊಳ್ಳತ್ತಾ?"

ಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದಾಗ ಅವಳ ಕೈಯಿಂದ ಲೇಸು ತೆಗೆದುಕೊಂಡು ನಾನೇ ಕಟ್ಟಿದೆ.

ಕಡ್ಡಿ, ಅವಳು ಮಲಗಿರಲಿಲ್ಲ. ಆ ಸಂಜೆ ತಿರುವಿನಲ್ಲಿ ಕೆಲಸಕ್ಕೆ ನಡೆದು ಹೊರಟಿದ್ದ ಕಾವಲುಗಾರನಿಗೆ ನಿನ್ನ ಕಾರು ಬಡಿದಾಗ, ನೀನು ನಿಲ್ಲಿಸದೆ ಹೋದಾಗ, ಅವಳು ಹಿಂದಿನ ಸೀಟಿನಲ್ಲಿ ಎದ್ದು ಕೂತು ಗಾಜಿನಿಂದ ನೋಡಿದ್ದಾಳೆ. "ನಾಯಿ ಅಡ್ಡ ಬಂತು, ಮಲ್ಕೋ ಮಗಳೇ" ಅಂದೆಯಂತೆ. ಅವಳು ಮಲಗಿದಳಂತೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಆ ಮನುಷ್ಯನ ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರದ್ದು ರಸ್ತೆ ಮಧ್ಯೆ ಬಿದ್ದಿತ್ತು ಎಂದಳು. ಅದನ್ನು ಹೇಳುವಾಗ ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿನ್ನ ಹೆಂಡತಿಯೇ ಮಗಳನ್ನು ತಡೆಯುತ್ತಿದ್ದಾಳೆಂದು ನೀನು ಒಳಗೊಳಗೇ ಕುದಿಯುತ್ತಿರುವುದು ನನಗೆ ಗೊತ್ತು. ಆ ಪಾಪದವಳನ್ನು ಬಿಟ್ಟುಬಿಡು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಾಕಿ ಬಂದವಳು, ಭೇಟಿಯ ಹಿಂದಿನ ದಿನ ಮಗಳ ಒಳ್ಳೆಯ ಫ್ರಾಕಿಗೂ ಇಸ್ತ್ರಿ ಹಾಕಿ ಕುರ್ಚಿಯ ಬೆನ್ನಿಗೆ ತೂಗಿಬಿಡುತ್ತಾಳೆ. ಬೆಳಿಗ್ಗೆ ನೋಡಿದರೆ ಫ್ರಾಕು ಬೀರುವಿನೊಳಗಿರುತ್ತದೆ. ಯಾಕೆ ಎಂದು ಅವಳಿಗೂ ಈವರೆಗೆ ಗೊತ್ತಿರಲಿಲ್ಲ, ಈಗ ನಾನೇ ಹೇಳಿದ್ದೇನೆ.

ಓಟಕ್ಕೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಓಟಕ್ಕೆ ಮೊದಲು ಕಾರುಗಳ ತೂಕ ಹಾಕುವ ದಿನ ಸಾಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಕಪ್ಪಗಿನ, ಒರಟಾದ ಒಂದು ಕಾರು. ಮನೆಯ ಹಿಂದೆ ಬಿಸಾಡಿದ್ದ ಯಾವುದೋ ಮೇಜಿನ ಕಾಲಿನಿಂದ ಮಾಡಿದ್ದಂತೆ; ಅಡಿಗೆಮನೆಯ ಚಾಕು ಹಿಡಿದು ಒಬ್ಬಳೇ ಕೆತ್ತಿದ್ದಾಳೆ. ಚಕ್ರಗಳು ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಬೆರಳಿಗೆಲ್ಲ ಪಟ್ಟಿ. ದಳ ಕೊಟ್ಟ ತುಂಡಲ್ಲದೆ ಬೇರೆ ಮರ ಬಳಸುವಂತಿಲ್ಲ. ದಂತವೈದ್ಯರು ನನ್ನ ಕಿವಿಯಲ್ಲಿ, "ನಿಮ್ಮ ಸೋದರ ಸೊಸೆ ಅಲ್ವೇನ್ರೀ, ಕಣ್ಮುಚ್ಚಿ ಬಿಡಿ" ಎಂದು ಪಿಸುಗುಟ್ಟಿದರು. ಕಣ್ಣು ಮುಚ್ಚುವುದನ್ನು ಆ ಮಗುವಿಗೆ ಇನ್ನಷ್ಟು ಕಲಿಸಲು ನನಗೆ ಮನಸ್ಸಾಗಲಿಲ್ಲ. ಸ್ಪರ್ಧೆಗೆ ಸೇರಿಸಲಾಗದು ಅಂದೆ. ಅವಳು ತಲೆಯಾಡಿಸಿದಳು. "ಸ್ಪರ್ಧೆ ಬೇಡ ಮೇಡಂ. ಎಲ್ಲಾ ಮುಗಿದ್ಮೇಲೆ ಒಂದ್ಸಲ ಓಡಿಸ್ತೀನಿ, ಅಷ್ಟೆ."

ನೀನು ಕೊಯ್ದ ಮರದ ಬಗ್ಗೆಯೂ ಬರೆಯಬೇಕಲ್ಲ, ಅದು ನಿನ್ನ ಹಕ್ಕು. ಶಾಲೆಯ ಹಾಲಿನಲ್ಲಿ ಹಲಗೆ ಜೋಡಿಸಿ, ಕೊನೆಗೆ ದಿಂಬು ಒಟ್ಟಿದ್ದೆವು. ಮಕ್ಕಳಿಗಿಂತ ಅಪ್ಪಂದಿರ ಗಲಾಟೆಯೇ ಹೆಚ್ಚು. ಬ್ಯಾಂಕಿನ ಮ್ಯಾನೇಜರೊಬ್ಬರು ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಮಗನ ಕಾರಿನ ಚಕ್ರ ಊದುತ್ತಿದ್ದರು; ಮಗ ನಾಚಿಕೆಯಿಂದ ಕಂಬದ ಹಿಂದೆ ನಿಂತಿದ್ದ. ಒಂದು ಕಾರು ಮೀನಿನ ಹಾಗಿತ್ತು, ಇನ್ನೊಂದು ಸವೆದ ಸೋಪಿನ ಹಾಗೆ, ಮತ್ತೊಂದಕ್ಕೆ ಅಜ್ಜಿಯೊಬ್ಬರು ಹೆಣೆದ ಟೋಪಿ ಇತ್ತು. ಗೆದ್ದ ಹುಡುಗಿ ಕಾರಿಗೆ ಮುತ್ತಿಟ್ಟಳು. ನಿನ್ನ ಮರವೇ ಅದು. ಹಾಲಿನ ತುಂಬ ನಗು, ಚಪ್ಪಾಳೆ. ಹಲಗೆ ಜೋಡಿಸಿದ ಬಡಗಿ ಒಂದು ಕಾರನ್ನು ತಿರುಗಿಸಿ ನೋಡಿ, "ಕೊಯ್ದೋನು ಕೈ ಪಳಗಿದೋನು" ಅಂದ. ನಿನ್ನ ಹೆಸರು ಬಾಯಿಗೆ ಬಂತು, ನುಂಗಿಕೊಂಡೆ. ಇಂಥ ಮಧ್ಯಾಹ್ನ ನೀನೂ ಇಲ್ಲಿ ಹೊಟ್ಟೆ ಹಚ್ಚಿ ಮಲಗಿ ಚಕ್ರ ಊದಬೇಕಿತ್ತು ಎನ್ನಿಸಿ ನಿನ್ನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಎಲ್ಲ ಮುಗಿದು ಕುರ್ಚಿ ಮಡಚುವ ಹೊತ್ತಿಗೆ ನಿನ್ನ ಮಗಳು ತನ್ನ ಕಾರನ್ನು ಹಲಗೆಯ ಮೇಲ್ತುದಿಗೆ ಇಟ್ಟಳು. ನಿನ್ನ ಹೆಂಡತಿ ಕೊನೆಯ ಸಾಲಿನಲ್ಲಿ ಮಡಿಲಲ್ಲಿ ಚೀಲ ಹಿಡಿದು ಕೂತಿದ್ದಳು. ಕಾರನ್ನು ತಡೆದಿಟ್ಟಿದ್ದ ಸನ್ನೆಕೋಲು ಎಳೆಯಲು ನನಗೆ ಹೇಳಿ, ಮಗಳು ಓಡಿ ಹೋಗಿ ಹಲಗೆಯ ನಡುಭಾಗದ ಪಕ್ಕ ನಿಂತಳು. ನಾನು ಎಳೆದೆ. ಕಾರು ಗಡಗಡ ಎನ್ನುತ್ತ ಇಳಿಯಿತು. ಅವಳು ಅಂಗೈ ಅಡ್ಡ ಹಿಡಿದಳು. ಕಾರು ಬಡಿದು ನಿಂತಿತು. ಪಟ್ಟಿಯ ಅಡಿಯಿಂದ ರಕ್ತ ಜಿನುಗಿತು. ಮತ್ತೆ ಮೇಲೆ ತಂದಿಟ್ಟಳು, ಮತ್ತೆ ಕೈ ಅಡ್ಡ ಹಿಡಿದಳು. ಮತ್ತೂ ಒಮ್ಮೆ. ಬಡಗಿ ಬೈಯಲು ಬಂದವನು ಅವಳ ಮುಖ ನೋಡಿ ಹಿಂದೆ ಸರಿದ. "ಸಾಕು ಕಣೇ" ಎಂದು ನಾನು ಕೈ ಹಿಡಿದುಕೊಂಡೆ. "ನಿಲ್ಲಿಸಿದ್ರೆ ನಿಲ್ಲತ್ತೆ ಅತ್ತೆ" ಅಂದಳು, "ಇಷ್ಟು ಭಾರ ಇದ್ರೂ ನಿಲ್ಲತ್ತೆ."

ಆ ಕಾರನ್ನು ಅವಳು ಮನೆಗೆ ಒಯ್ಯಲಿಲ್ಲ. ಕಸದ ಬುಟ್ಟಿಗೆ ಹಾಕಿ, ಅಮ್ಮನ ಕೈ ಹಿಡಿದು ಹೋದಳು.

ಇಷ್ಟನ್ನು ಓದಿ ನೀನು ಎಷ್ಟು ಕುಗ್ಗುತ್ತೀಯೆಂದು ನನಗೆ ಗೊತ್ತು. ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನಿನಗೆ ನೋವು ಮಾಡಿ ನನಗೇನು ಸಿಗಬೇಕು? ಆದರೆ ಈ ತಿಂಗಳೂ ಭೇಟಿಯ ಬಾಗಿಲನ್ನೇ ನೋಡುತ್ತ ಕೂರಬೇಡ. ನಾನೊಬ್ಬಳೇ ಬರುತ್ತೇನೆ. ಅವಳಿಗೆ ಇನ್ನೊಂದು ತುಂಡು, ಇನ್ನೊಂದು ಪೆಟ್ಟಿಗೆ ಮಾಡಿ ಕಳಿಸುವ ಯೋಚನೆ ಬಂದರೆ ಆ ಕೈಯನ್ನು ಕಟ್ಟಿ ಕೂತುಕೋ. ಬರೆ. ಕ್ಷಮಿಸು ಎಂದು ಗೋಗರೆಯಬೇಡ, ಅವಳಿನ್ನೂ ಚಿಕ್ಕವಳು, ಅದನ್ನು ಎಲ್ಲಿ ಇಟ್ಟುಕೊಂಡಾಳು? ಅದು ನಾಯಿಯಾಗಿರಲಿಲ್ಲ, ನೀನು ನೋಡಿದ್ದು ನಿಜ ಎಂದು ಬರೆ. ಅದನ್ನು ಓದಿ ಅವಳು ಬಂದೇ ಬರುತ್ತಾಳೆಂದು ನಾನು ಮಾತು ಕೊಡಲಾರೆ. ಬಾರದೆಯೂ ಇರಬಹುದು.

ಆದರೆ ಒಂದು ಮಾತು ಕೇಳು. "ಮಗು ನಿದ್ದೆ ಮಾಡ್ತಿತ್ತು" ಎಂದು ನೀನು ಕೋರ್ಟಿನಲ್ಲಿ ಹೇಳಿದೆ. ಸದ್ಯ, ಅಷ್ಟಾದರೂ ಆಯಿತಲ್ಲ ಎಂದು ನಾವೆಲ್ಲ ನಿಟ್ಟುಸಿರುಬಿಟ್ಟೆವು. ನನ್ನ ಪಕ್ಕದಲ್ಲೇ ಕೂತಿದ್ದ ಅವಳು ಅದನ್ನು ಕೇಳಿಸಿಕೊಂಡಿದ್ದಾಳೆ. ಅಪ್ಪನ ಮಾತು ಸುಳ್ಳಾಗಬಾರದೆಂದು ಆವತ್ತಿನಿಂದ ಈವತ್ತಿನವರೆಗೆ ನನ್ನೊಬ್ಬಳ ಹೊರತು ಯಾರ ಮುಂದೆಯೂ ಬಾಯಿ ಬಿಡದೆ, ನಿದ್ದೆ ಮಾಡಿದವಳಾಗಿಯೇ ಉಳಿದಿದ್ದಾಳೆ. ಇನ್ನು ಸಾಕು ಕಣೋ. ಮಗುವನ್ನು ಎಬ್ಬಿಸು.

ದೇವರು ನಿನಗೆ ಅಷ್ಟು ಧೈರ್ಯ ಕೊಡಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮೇಲೆ ಕೋಪವೂ ಕರುಳೂ ಎರಡೂ ಇರುವ,
ಅಕ್ಕ